ಇಳಕಲ್ ಸೀರೆಯುಟ್ಟು ನೀರು ಕೇಳಿದ ಸಾಬವ್ವ

ನಾವು ಮಾಡಿದ ಒಂದೇ ಒಂದು ಸಿನಿಮಾದ ನಾಯಕಿ ಸಾಬವ್ವ. ಅವಳ ಋಣ ನನ್ನ ಮೇಲಿದೆ, ಅದಕ್ಕೇ ಈ ನಾಲ್ಕು ಮಾತು.

ಕಲಬುರಗಿ ಕಡೆಯವಳು, ಕಾಲೇಜಿಗೆ ಹೋಗುವ ದಾರಿಯಲ್ಲಿ ನನಗೆ ಪರಿಚಯವಾದವಳು. ಗಂಡನ ಜೊತೆ ಮುಂಬಯಿ ಪಕ್ಕದ ಠಾಣೆ ಊರಿಗೆ ಬಂದು, ಕೋಪರಿಯ ಜೋಪಡಿಯಲ್ಲಿದ್ದುಕೊಂಡು ನೌಪಾಡಾದಲ್ಲಿ ಇಟ್ಟಂಗಿ ಹೊರುತ್ತಿದ್ದಳು. ೧೯೮೪ರ ಮಾತು. ಅವಳು ಹೊತ್ತ ಇಟ್ಟಂಗಿಯಿಂದ ಎದ್ದ ಕಟ್ಟಡಕ್ಕೆ ಆಗಲೇ ಸಂಸಾರಗಳು ಬಂದಿದ್ದವು. ಪಕ್ಕದಲ್ಲಿ ಇನ್ನೊಂದು ಏಳುತ್ತಿತ್ತು. ನಳ ಇದ್ದದ್ದು ಮೊದಲ ಕಟ್ಟಡದ ಗೇಟಿನೊಳಗೆ. ಕೂಲಿಯವರು ಹತ್ತಿರ ಸುಳಿದರೆ ವಾಚ್‌ಮನ್ ಕೋಲು ಎತ್ತುತ್ತಿದ್ದ. ಕುಡಿಯುವ ನೀರಿಗಾಗಿ ಹೆಂಗಸರು ಕೊಡ ಹೊತ್ತು ಸ್ಟೇಷನ್‌ವರೆಗೆ ನಡೆಯಬೇಕು, ಬರುವುದು ತಡವಾದರೆ ಕೂಲಿ ಮಾಡಿಸುವ ಮುಕಾದಮನ ಬೈಗುಳ ಬೇರೆ.

ಆಗ ನಮ್ಮ ಕಾಲೇಜಿಗೆ ವಿದ್ಯಾರ್ಥಿಗಳ ಕಿರುಚಿತ್ರ ಸ್ಪರ್ಧೆಯ ನೋಟೀಸು ಬಂತು. ವಿಷಯ, ಮಾನವ ಹಕ್ಕು. ಸಹಪಾಠಿ ಲೋಕನಾಥನ ಮಾವ ಮಸ್ಕತ್ತಿನಿಂದ ತಂದ ಪುಟ್ಟ ಕ್ಯಾಮೆರಾ ಇತ್ತು; ರೀಲು ಮಾತ್ರ ಒಂದೇ. ಸಾಬವ್ವ ಗೇಟಿಗೆ ಹೋಗಿ ನೀರು ಕೇಳುವುದು, ವಾಚ್‌ಮನ್ ಅಟ್ಟುವುದು, ಅದನ್ನು ನಾವು ರಸ್ತೆಯಾಚೆಯಿಂದ ಹಿಡಿಯುವುದು ಎಂದು ಅವಳ ಜೊತೆ ಗೊತ್ತುಮಾಡಿಕೊಂಡೆವು.

ಹೇಳಿದ ದಿನ ಬಂದವಳನ್ನು ನೋಡಿ ಲೋಕನಾಥ ತಲೆಯ ಮೇಲೆ ಕೈ ಹೊತ್ತ. ಮದುವೆಯ ಇಳಕಲ್ ಸೀರೆ, ಮೂಗಿಗೆ ನತ್ತು, ಮುಡಿ ತುಂಬ ಹೂವು!

“ಇದೆಂತದು ಸಾಬವ್ವಕ್ಕ? ಕೆಲಸದ ಸೀರೆ ಎಲ್ಲುಂಟು?” ಎಂದ.

“ಪಟ ತೆಗೀತೀವಿ ಅಂದೀರಲ್ಲ ತಮ್ಮಾ. ಪಟಕ್ಕ ಹರಕ ಸೀರಿ ಉಟ್ಕೊಂಡು ಯಾರರ ನಿಂದರ್ತಾರೇನು?” ಎಂದು ದಬಾಯಿಸಿದಳು.

ಸಂಜೆಗೆ ಕ್ಯಾಮೆರಾ ಮಾವನಿಗೆ ವಾಪಸಾಗಬೇಕಿತ್ತು. ವಿಧಿಯಿಲ್ಲದೆ ಹಾಗೆಯೇ ಕಳಿಸಿದೆವು.

ವಾಚ್‌ಮನ್ ಎದ್ದೇ ನಿಂತ. ದಿನಾ ಅಟ್ಟುವಾಗ ಮುಖ ನೋಡಿದ್ದರೆ ತಾನೇ ಗುರುತು ಸಿಗುವುದು! ಯಾರದೋ ಮನೆಯ ನೆಂಟರೆಂದುಕೊಂಡು, “ಯಾ ತಾಈ, ಬಸಾ” ಎಂದು ಕೂರಲು ತನ್ನ ಸ್ಟೂಲನ್ನೇ ಸರಿಸಿದ. ನೀರು ಕೇಳಿದಾಗ ನಳದಿಂದ ಲೋಟ ತುಂಬಿ ತಂದ. ಸಾಬವ್ವ ನಿಧಾನವಾಗಿ ಕುಡಿದು ಮುಗಿಸಿ, ನಮಗೂ ಕೇಳುವಷ್ಟು ಗಟ್ಟಿಯಾಗಿ, “ಹಮ್ ಇಟ್ಟಂಗಿವಾಲಿ ಸಾಬವ್ವ ಹೈ ದಾದಾ” ಎಂದಳು.

ಅವನು ಗೋಡೆಗೆ ಒರಗಿಸಿದ್ದ ಕೋಲಿನತ್ತ ನೋಡಿದ. ಆದರೆ ಅವನು ಖಾಲಿ ಲೋಟ ಇಸಿದುಕೊಂಡು ಮತ್ತೊಮ್ಮೆ ತುಂಬಿಸಿ ತಂದ. ಅಷ್ಟರಲ್ಲಿ ರೀಲು ಮುಗಿದಿತ್ತು.

ಮರುದಿನದಿಂದ ಆ ನಳದ ರಬ್ಬರ್ ಪೈಪು ಗೋಡೆಯಾಚೆ ಇಳಿಯತೊಡಗಿತು. ಬಿಲ್ಡಿಂಗಿನವರು ಕೇಳಿದರೆ ಗಿಡಕ್ಕೆ ಎನ್ನುತ್ತಿದ್ದನಂತೆ, ಪುಣ್ಯಾತ್ಮ.

ನಮ್ಮದು ಮಾತಿಲ್ಲದ ಚಿತ್ರ. ಸ್ಪರ್ಧೆಯಲ್ಲಿ ತೆರೆಯ ಪಕ್ಕ ನಿಂತು, “ಈ ಕಟ್ಟಡಕ್ಕೆ ಇಟ್ಟಂಗಿ ಹೊತ್ತವಳು ಇವಳೇ. ಕೆಲಸದ ಸೀರೆಯಲ್ಲಿ ಬಂದರೆ ಇವಳಿಗೆ ಇಲ್ಲಿ ನೀರಿಲ್ಲ” ಎಂದು ನಾನೇ ಹೇಳಿದೆ. ಸಮಾಧಾನಕರ ಬಹುಮಾನ ಬಂತು. ತೀರ್ಪುಗಾರರು ಅವಳ ಅಭಿನಯವನ್ನು ಹೊಗಳಿದ್ದು ಕೇಳಿ ನಗು ತಡೆಯಲಾಗಲಿಲ್ಲ.

ಸುದ್ದಿ ಹೇಳಲು ಹೋದರೆ ಅವಳ ತಂಡ ಠಾಕುರ್ಲಿಯ ಹೊಸ ಕೆಲಸಕ್ಕೆ ಹೋಗಿತ್ತು. ಅಲ್ಲಿಗೇ ಹುಡುಕಿಕೊಂಡು ಹೋದೆ. ಮೈಯೆಲ್ಲ ಇಟ್ಟಂಗಿ ಧೂಳಾಗಿದ್ದ ಸಾಬವ್ವ ನನ್ನನ್ನು ಕೂರಿಸಿ, ಅವರ ಊರ ರೂಢಿಯಂತೆ ಮೊದಲು ಬೆಲ್ಲದ ಚೂರು, ಚೊಂಬು ತುಂಬ ನೀರು ಕೊಟ್ಟಳು.

“ನಿಮ್ಮಿಂದ ನಮಗೆ ಬಹುಮಾನ ಬಂತು ಸಾಬವ್ವಕ್ಕ” ಎಂದೆ.

“ನಮಗ ಭೀ ಬಂದದ ನೋಡವ್ವಾ” ಎಂದು ಅವಳು ಗೇಟಿನ ಹೊರಗೆ ಕೈ ತೋರಿಸಿದಳು. ಅಲ್ಲೊಂದು ಹೊಸ ನಳವಿತ್ತು. “ಮೊದಲ ನಳಾ ಹಾಕ್ಸು, ಆಮ್ಯಾಲ ಇಟ್ಟಂಗಿ ಹೊರತೀವಿ ಅಂತ ಮುಕಾದಮಗ ಹೇಳಿ ಹೆಣ್ಮಕ್ಕಳೆಲ್ಲಾ ಕುಂತೇ ಬಿಟ್ಟೇವಿ.”