ಉಗುರುಸುತ್ತು ಆದ ಬೆರಳು

ಆಗಿನ್ನೂ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಲ್ಲಿಂದ ಬಸ್ಸು ಹಿಡಿದು ದಂಡಿನ, ಅಂದರೆ ಕಂಟೋನ್ಮೆಂಟಿನ, ಹೋಟೆಲೊಂದಕ್ಕೆ ಹೋಗಿ, ಜಾಝ್ ಬ್ಯಾಂಡಿನಲ್ಲಿ ಡಬಲ್ ಬೇಸ್ ನುಡಿಸುತ್ತಿದ್ದೆ. ಆಳೆತ್ತರದ ಪಿಟೀಲಿನಂಥ ವಾದ್ಯ ಅದು. ನಿಂತುಕೊಂಡು ಬಲಗೈಲಿ ಮೀಟುತ್ತಾ ಎಡಗೈ ಬೆರಳುಗಳಿಂದ ತಂತಿಯನ್ನು ಬಲವಾಗಿ ಒತ್ತಬೇಕು.

ಒಂದು ಬೇಸಿಗೆಯಲ್ಲಿ ಎಡಗೈ ತೋರುಬೆರಳಿಗೆ ಉಗುರುಸುತ್ತು ಆಯಿತು. ಅಮ್ಮ ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ತೊಡಿಸಿದರು. ಹೋಟೆಲಿನಲ್ಲಿ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಹಲ್ಲು ಕಚ್ಚಿ ನುಡಿಸಿದೆ. ರಜೆ ಹಾಕಿದರೆ ನನ್ನ ಜಾಗಕ್ಕೆ ಬೇರೆಯವನು ಬಂದುಬಿಟ್ಟರೆ? ನಾಲ್ಕನೇ ದಿನ ಕಂಕುಳಲ್ಲಿ ಗಂಟು ಎದ್ದು ಚಳಿಜ್ವರ ಬಂತು.

ಬಡಾವಣೆಯ ಡಾಕ್ಟರು ಬೆರಳನ್ನು ಒತ್ತಿ ನೋಡಿದರು. "ಕೀವು ಮೂಳೆಗೆ ಇಳಿದಿರಬಹುದು. ತುದಿ ತೆಗೆದುಬಿಟ್ರೆ ಕ್ಷೇಮ. ಏನು ಕೆಲಸ ನಿಮ್ಗೆ?"

"ಗುಮಾಸ್ತ, ಸಾರ್." ಹೋಟೆಲಿನ ಬ್ಯಾಂಡು ಎಂದರೆ ನಮ್ಮ ಬೀದಿಯವರು ಮುಖ ಸಿಂಡರಿಸುತ್ತಿದ್ದರು. ಅಭ್ಯಾಸಬಲದಿಂದ ಸುಳ್ಳು ಬಂದುಬಿಟ್ಟಿತ್ತು.

"ಹಾಗಾದ್ರೆ ಯೋಚನೆ ಬೇಡ. ಬಲಗೈ ಅಲ್ವಲ್ಲ."

ಕಾಂಪೌಂಡರು ಟ್ರೇ ತಂದಿಟ್ಟ. ಕುದಿಸಿದ ಕತ್ತರಿಯಿಂದ ಇನ್ನೂ ಹಬೆ ಏಳುತ್ತಿತ್ತು. ಇನ್ನೊಂದು ನಿಮಿಷ ಸುಮ್ಮನಿದ್ದರೆ ಬೆರಳು ಹೋಗುತ್ತಿತ್ತು.

"ಸುಳ್ಳು ಹೇಳ್ದೆ ಸಾರ್. ವಾದ್ಯ ನುಡಿಸೋನು ನಾನು. ಈ ಬೆರಳು ಹೋದ್ರೆ ನನ್ನ ಕಥೆ ಮುಗೀತು."

"ಮೊದ್ಲೇ ಹೇಳೋದಲ್ವೇನ್ರೀ!" ಎಂದು ಗದರಿದರು. ಕತ್ತರಿ ಪಕ್ಕಕ್ಕಿಟ್ಟು, ಕಿಟಕಿಯ ಬೆಳಕಿಗೆ ಬೆರಳು ಹಿಡಿದು ಬಹಳ ಹೊತ್ತು ನೋಡಿದರು. "ಪಕ್ಕದಿಂದ ಕೊಯ್ದು ನೋಡ್ತೀನಿ. ಉಳಿಯತ್ತೆ ಅಂತ ಮಾತು ಕೊಡಲ್ಲ."

ಬೆರಳು ಉಳಿಯಿತು. ಆದರೆ ತುದಿಗೆ ಸ್ಪರ್ಶವೇ ಇಲ್ಲ. ಬಿಸಿ ಲೋಟ ಮುಟ್ಟಿದರೂ ಗೊತ್ತಾಗದು. ಮೂರು ವಾರ ಇದನ್ನು ಅಮ್ಮನಿಗೂ ಹೇಳಲಿಲ್ಲ.

ಮತ್ತೆ ಅಭ್ಯಾಸಕ್ಕೆ ಹೋದ ಮಧ್ಯಾಹ್ನ ತಂತಿ ಎಲ್ಲಿದೆಯೆಂದೇ ತಿಳಿಯದೆ ಎರಡು ಸಲ ಅಪಸ್ವರ ನುಡಿಸಿದೆ. ಪಿಯಾನೋ ನುಡಿಸುತ್ತಿದ್ದ ನಮ್ಮ ಬ್ಯಾಂಡಿನ ಯಜಮಾನರು ಕೈ ನಿಲ್ಲಿಸಿದರು. ಕೆಲಸ ಹೋಯಿತು ಅಂದುಕೊಂಡೆ.

"ಬೆರಳು ನೋಡ್ಬೇಡ," ಎಂದರು. "ನೋಡಿದಷ್ಟೂ ಹೆದರ್ತೀಯ. ನಾನು ನಿಧಾನ ಹೋಗ್ತೀನಿ, ಕಿವಿಗೊಟ್ಟು ಜೊತೆಗೆ ಬಾ."

ಕಣ್ಣು ಮುಚ್ಚಿ ನುಡಿಸಿದೆ. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಹಾಗೆಯೇ ಇನ್ನೂ ಒಂಬತ್ತು ವರ್ಷ ಅದೇ ಬ್ಯಾಂಡಿನಲ್ಲಿದ್ದೆ. ಚೆನ್ನಾಗಿಯೇ ನುಡಿಸುತ್ತಿದ್ದೆನಂತೆ. ಆದರೆ ಪ್ರತಿ ಸಂಜೆ ಮೊದಲ ಸ್ವರ ಹೊರಡುವವರೆಗೆ ನನ್ನ ಹೆದರಿಕೆ ಮಾತ್ರ ಹೋಗಲಿಲ್ಲ.