ದೋಣಿಗೂ ಹಲ್ಲು ನೋಡಿದವರು

ನನಗೆ ಯಾವ ವಸ್ತುವನ್ನೂ ಒಂಟಿಯಾಗಿ ನೋಡಲು ಬರುವುದಿಲ್ಲ. ಪಕ್ಕದಲ್ಲಿ ಅಂಥದೇ ಇನ್ನೊಂದನ್ನು ಇಟ್ಟಾಗಲೇ ಅದು ನನ್ನ ಕಣ್ಣಿಗೆ ಬೀಳುವುದು. ಗೋಕಾಕದ ಪೇಟೆಯಲ್ಲಿ ಛತ್ರಿ ಕೊಳ್ಳಲು ಹೋಗಿ, ಹನ್ನೊಂದು ಛತ್ರಿ ಬಿಚ್ಚಿ ಮುಚ್ಚಿ, ಹನ್ನೆರಡನೆಯದಕ್ಕೆ ಕೈಹಾಕುವಷ್ಟರಲ್ಲಿ ಮಳೆ ನಿಂತದ್ದರಿಂದ ಬರಿಗೈಯಲ್ಲಿ ಊರಿಗೆ ಬಂದವನು ನಾನು. ಇದು ನಮ್ಮ ಮುತ್ಯಾನ, ಅಂದರೆ ಅಜ್ಜನ, ಕಡೆಯಿಂದ ಬಂದ ಬಳುವಳಿ. ಅವನು ಅಡಕೊತ್ತು ಕೊಳ್ಳುವಾಗ ಅಂಗಡಿಯವನ ಎದುರಿಗೇ ಕೂತು ಒಂದೊಂದರಿಂದಲೂ ಒಂದೊಂದು ಅಡಿಕೆ ಕತ್ತರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದನಂತೆ. ನಾಲ್ಕಾರು ಅಂಗಡಿ ತಿರುಗುವಷ್ಟರಲ್ಲಿ ಅಡಕೊತ್ತಿನ ಅಗತ್ಯವೇ ತೀರಿಹೋಗುತ್ತಿತ್ತು.

ಇಂಥವನ ಪಾಲಿಗೆ ದೋಣಿ ಆರಿಸುವ ಕೆಲಸ ಬಂದರೆ ಏನಾಗಬೇಕೋ ಅದೇ ಆಯಿತು.

ಮೊಬೈಲು ಆಗಷ್ಟೇ ಅಂಗಿಯ ಕಿಸೆಗೆ ಇಳಿಯುತ್ತಿದ್ದ ದಿನಗಳು. ಘೋಡಗೇರಿಗೆ ಹತ್ತಿರ, ಘಟಪ್ರಭೆಯ ದಂಡೆಗಿರುವ ನಮ್ಮೂರಿನ ಹಾಲಿನ ಸೊಸೈಟಿಗೆ ನಾನು ಸೆಕ್ರೆಟರಿ. ನದಿಯ ಆಚೆಗೆ ನಮ್ಮೂರವರದೇ ಹತ್ತು ಹನ್ನೆರಡು ತೋಟದ ಮನೆಗಳಿದ್ದವು. ನೀರು ತಡೆಯಲು ಕಟ್ಟಿದ ತಗ್ಗಾದ ಬಾಂದಾರವೇ ಅವರ ಸೇತುವೆ. ಅದರ ಮೇಲೆ ಸೈಕಲ್ಲಿಗೆ ಕ್ಯಾನು ತೂಗಿಸಿಕೊಂಡು ಹಾಲು ತರುತ್ತಿದ್ದರು. ಮಳೆಗಾಲದಲ್ಲಿ ಬಾಂದಾರ ಮುಳುಗಿತೆಂದರೆ ಹದಿನೈದು ಇಪ್ಪತ್ತು ದಿನ ಅವರ ಹಾಲು ಅವರಿಗೇ. ಆ ದಂಡೆಯಿಂದ ಮೂಡಲಗಿಯ ಕಡೆಗೆ ಒಂದು ಕೆಸರಿನ ಕಾಲುದಾರಿ ಇತ್ತು. ಅದರಲ್ಲಿ ಎಮ್ಮೆ ನಡೆದೀತು, ಹಾಲಿನ ಗಾಡಿ ನಡೆಯದು. ಅದಕ್ಕೇ ಸೊಸೈಟಿಯಿಂದ ಒಂದು ದೋಣಿ ಕೊಳ್ಳುವುದೆಂದು ಆ ವರ್ಷ ತೀರ್ಮಾನವಾಗಿತ್ತು.

ಆಚೆ ದಂಡೆಯ ಬಾಳವ್ವ ಒಂದೇ ಎಮ್ಮೆಯ ಒಡತಿ. ಗಂಡ ಇಲ್ಲ. ಹಾಲಿನ ಮೇಲೆಯೇ ಮನೆ. ಯುಗಾದಿ ಮುಗಿದ ವಾರದಲ್ಲೇ ಸೊಸೈಟಿಯ ಮೆಟ್ಟಿಲ ಮೇಲೆ ಬಂದು ಕೂತಳು.

"ಸೆಕ್ರೆಟ್ರಿ ಅಣ್ಣಾರ, ಬಾಂದಾರ ಮುಳುಗೇತಿ ಅಂತ ಎಮ್ಮಿಗೆ ಗೊತ್ತಾಗಂಗಿಲ್ರಿ. ಅದು ಹೊತ್ತಿಗೆ ಸರಿಯಾಗಿ ಕೆಚ್ಚಲಕ್ಕ ಹಾಲು ಇಳಸತೈತಿ. ಹೋದ ವರ್ಷ ಆ ಹಾಲು ನಾಯಿಗೋಳಿಗೆ ಹಾಕೀನಿ. ಈ ಸಲ ದೋಣಿ ಬರಲಿಲ್ಲಂದ್ರ ಎಮ್ಮಿ ಮಾರಿಬಿಡಾಕಿ ನಾ."

"ಬರತೈತಿ ಬಾಳವ್ವ. ನೋಡಾಕತ್ತೇವಿ."

"ನೋಡ್ರಿ, ನೋಡ್ರಿ. ನೀವು ಛತ್ರಿ ನೋಡಿದ್ದು ಊರಿಗೆಲ್ಲಾ ಗೊತ್ತೈತಿ."

ಅವಳು ಹೋದ ಮೇಲೆ ಹಾಲಿನ ಹಳೆಯ ರಜಿಸ್ಟರಿನ ಹಿಂಬದಿಯಲ್ಲಿ, ದೋಣಿಗಳನ್ನು ಹೋಲಿಸಲು, ಗೆರೆ ಹಾಕಿ ನಾನೊಂದು ತಖ್ತೆ ಎಳೆದೆ.

ಗೋಕಾಕದಲ್ಲಿ ಪಂಪು ಪೈಪು ಮಾರುವ ಅಂಗಡಿಯವರೊಬ್ಬರು ಹೊಸ ನಮೂನೆಯ ದೋಣಿಯ ಚಿತ್ರಗಳನ್ನು ತರಿಸಿಕೊಟ್ಟಿದ್ದರು. ತಳ ಮಾತ್ರ ಗಟ್ಟಿ ಫೈಬರಿನದು. ಅದರ ಸುತ್ತ ಅಂಚಿಗೆ ತೊಡೆಯಷ್ಟು ದಪ್ಪನೆಯ ರಬ್ಬರಿನ ಕೊಳವೆ, ಕೊಳವೆಯ ತುಂಬ ಗಾಳಿ. ಹಿಂದೆ ಒಂದು ಸಣ್ಣ ಯಂತ್ರ. ಮುಳುಗೆಂದರೂ ಮುಳುಗದು, ಎತ್ತಲು ಹಗುರ, ಬೇಸಿಗೆಯಲ್ಲಿ ಗಾಳಿ ತೆಗೆದು ಮೂಲೆಗೆ ನಿಲ್ಲಿಸಬಹುದು. ಚಿತ್ರ ನೋಡುತ್ತ ನನಗೆ ನಮ್ಮ ಮುತ್ಯಾನ ಕಾಲ ನೆನಪಾಯಿತು. ಆಗಿನವರು ಒಣಗಿದ ಸೋರೆಬುರುಡೆಗಳನ್ನು ಬೆನ್ನಿಗೆ ಕಟ್ಟಿಕೊಂಡು ಹೊಳೆ ದಾಟುತ್ತಿದ್ದರು. ಸ್ಥಿತಿವಂತರಿಗೆ ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿದ ಹರಿಗೋಲು. ಬುರುಡೆಯಲ್ಲಿ ಹೊರಗೆ ಗಟ್ಟಿ, ಒಳಗೆ ಗಾಳಿ. ಈ ದೋಣಿಯಲ್ಲಿ ನಡುವೆ ಗಟ್ಟಿ, ಸುತ್ತ ಗಾಳಿ. ಮನುಷ್ಯ ಇಷ್ಟು ವರ್ಷದಲ್ಲಿ ಒಳಗಿನದನ್ನು ಹೊರಗೆ ಮಾಡಿದ್ದಾನೆ, ಅಷ್ಟೇ. ಒಂದು ವ್ಯತ್ಯಾಸವುಂಟು. ಆ ಹಿರಿಯರು ಗಾಳಿಯನ್ನು ಹಿತ್ತಲ ಬಳ್ಳಿಯಲ್ಲೇ ಬೆಳೆದುಕೊಳ್ಳುತ್ತಿದ್ದರು. ಈ ವ್ಯತ್ಯಾಸ ಆಗ ನನಗೆ ಬರೀ ಚಂದದ ಮಾತಾಗಿ ಹೊಳೆದಿತ್ತು, ತಖ್ತೆಗೆ ಸೇರಿಸುವ ಮಾತಾಗಿ ಹೊಳೆಯಲಿಲ್ಲ.

ತಖ್ತೆಯಲ್ಲಿ ಇಪ್ಪತ್ಮೂರು ಸಾಲುಗಳಿದ್ದವು. ಕೊಳವೆಯಲ್ಲಿ ಎಷ್ಟು ಕೋಣೆ, ಒಂದು ಒಡೆದರೆ ಉಳಿದವು ತೇಲಿಸುತ್ತವೆಯೋ ಇಲ್ಲವೋ. ರಬ್ಬರನ್ನು ಅಂಟಿನಿಂದ ಕೂಡಿಸಿದ್ದೋ ಕಾಯಿಸಿ ಕೂಡಿಸಿದ್ದೋ. ತಳ ಎಷ್ಟು ಚೂಪು. ಎತ್ತಲು ಎಷ್ಟು ಆಳು. ಬಿಸಿಲಿಗೆ ಬಣ್ಣ ಹೋಗುತ್ತದೆಯೇ ಎಂಬುದೂ ಇತ್ತು, ನದಿ ದಾಟಲು ಬಣ್ಣಕ್ಕೇನು ಸಂಬಂಧ ಎಂದು ಕೇಳಬೇಡಿ. ಏಪ್ರಿಲ್ ತಖ್ತೆಯಲ್ಲಿ ಕಳೆಯಿತು. ಮೇ ತಿಂಗಳು ಅಂಗಡಿಯವರ ಉತ್ತರಗಳಲ್ಲಿ ಕಳೆಯಿತು. ಜೂನಿನಲ್ಲಿ ಮೋಡ ಕಟ್ಟಿದಾಗ, ಎರಡು ದೋಣಿಗಳನ್ನು ಟೆಂಪೋದಲ್ಲಿ ಹೇರಿಕೊಂಡು ಗೋವಾ ಕಡೆಯ ಒಬ್ಬ ಮಾರಾಟಗಾರ ಕೊಣ್ಣೂರಿನ ಹತ್ತಿರ ಹೊಳೆದಂಡೆಗೆ ಬಂದಿಳಿದ. ಒಂದು ಕರಿಯದು, ಒಂದು ಬೂದಿ ಬಣ್ಣದ್ದು.

ನೋಡಲು ಹೋದವರು ಮೂವರು. ನಾನು, ಅಧ್ಯಕ್ಷರಾದ ಪದ್ಮಣ್ಣ ಕಾಕಾ, ಮತ್ತು ಸತ್ಯಪ್ಪ. ಕಾಕಾ ಕಾಳಿನ ವ್ಯಾಪಾರದ ಜೈನ ಮನೆತನದವರು, ಹುರುಪು ಬಂದರೆ ಮರಾಠಿ ಮಾತಾಡುತ್ತಾರೆ. ಸತ್ಯಪ್ಪನದು ಕುರಿಗಾರರ ಮನೆ. ಮೂಡಲಗಿಯ ದನದ ಸಂತೆಯಲ್ಲಿ ಅವನು ಬಾಯಿ ತೆರೆಸಿ ಹಲ್ಲು ನೋಡದ ಎತ್ತನ್ನು ನಮ್ಮೂರಲ್ಲಿ ಯಾರೂ ಕೊಳ್ಳುತ್ತಿರಲಿಲ್ಲ. ದೋಣಿಗೂ ಅವನೇ ಬೇಕೆಂದು ಠರಾವಾಗಿತ್ತು.

ಸತ್ಯಪ್ಪ ಎರಡೂ ದೋಣಿಗಳನ್ನು ಮೂರು ಸುತ್ತು ಬಂದ. ಕೊಳವೆಯ ಮೇಲೆ ಅಂಗೈಯಿಂದ ತಟ್ಟಿ ಕಿವಿಗೊಟ್ಟ. ಹಿಂದೆ ನಿಂತು ನೋಡಿದ, ಕೂತು ನೋಡಿದ. ಮೂತಿಯ ಕೆಳಗೆ ಕೈಹಾಕಿ ಎತ್ತಿದ.

"ಏನ್ ಹಲ್ಲು ನೋಡ್ತಿಯೇನೋ?" ಎಂದರು ಕಾಕಾ.

"ಎರಡಕ್ಕೂ ಇನ್ನೂ ಹಾಲಹಲ್ಲ ಅದಾವ್ರಿ ಕಾಕಾ."

ಕಾಕಾರ ಮನಸ್ಸು ಆಗಲೇ ಕರಿಯದಕ್ಕೆ ಸೋತಿತ್ತು. ಅದರ ತಳ ಕತ್ತಿಯಂತೆ ಚೂಪು, ಮೂತಿ ಮೇಲಕ್ಕೆ. ನನ್ನ ತಖ್ತೆಯಲ್ಲೂ ಅದೇ ಹದಿನಾಲ್ಕು ಸಾಲು ಗೆದ್ದಿತ್ತು.

"ಕರೀದ ತಗೊಳ್ಳೋಣು. ರುಬಾಬ ಐತಿ ನೋಡ ಅದಕ, ರಾಜಾನ ಠೀವಿ."

"ರುಬಾಬದಾಗ ಹಾಲಿನ ಕ್ಯಾನ ನಿಂದರತೈತೇನ್ರಿ?" ಎಂದು ಸತ್ಯಪ್ಪ ಒಂದು ಕ್ಯಾನಿಗೆ ಹೊಳೆಯ ನೀರು ತುಂಬಿ ಕರಿಯ ದೋಣಿಯೊಳಗೆ ಇಟ್ಟ. ಚೂಪು ತಳದಲ್ಲಿ ಅದು ಕುಡಿದವನಂತೆ ಒರಗಿ, ಕಾಕಾರ ಧೋತರದ ಮೇಲೆ ನೀರು ಚೆಲ್ಲಿತು. ಬೂದಿ ದೋಣಿಯ ತಳ ಬಹುಮಟ್ಟಿಗೆ ಸಪಾಟು. ಕ್ಯಾನು ದೇವರಂತೆ ಕೂತಿತು. ಎರಡು ತಿಂಗಳ ತಖ್ತೆ ಒಂದು ಕ್ಯಾನಿನಿಂದ ತೀರ್ಮಾನವಾದದ್ದಕ್ಕೆ ನನಗೆ ಸ್ವಲ್ಪ ನೋವಾಯಿತು. ಆದರೂ ಇಪ್ಪತ್ನಾಲ್ಕನೆಯ ಸಾಲಾಗಿ "ಕ್ಯಾನು ನಿಲ್ಲುತ್ತದೆ" ಎಂದು ಬರೆದುಕೊಂಡೆ. ಇನ್ನು ಬಿಟ್ಟುಹೋದದ್ದು ಏನೂ ಇಲ್ಲವೆಂದು ಸಮಾಧಾನವಾಯಿತು.

ಕೊಂಡ ಬೂದಿ ದೋಣಿಯನ್ನು ನಮ್ಮ ಟ್ರ್ಯಾಕ್ಟರಿನ ಟ್ರೇಲಿಯಲ್ಲಿ ಹಿಡಿಸಲೆಂದು ಅದರ ಗಾಳಿ ತೆಗೆದರು. ದೋಣಿಯ ಮೂತಿಗೆ ಮಾರಾಟಗಾರನ ಒಂದು ಹಗ್ಗ ಕಟ್ಟಿತ್ತು. ನಮ್ಮಲ್ಲಿ ದನ ಮಾರಿದವನು ಹಗ್ಗ ಕೊಡುವುದಿಲ್ಲ. ಹಗ್ಗದ ಜೊತೆಗೆ ಕೊಟ್ಟಿಗೆಯ ಭಾಗ್ಯವೂ ಹೋಗುತ್ತದೆಂದು ನಂಬಿಕೆ. ಕೊಂಡವನು ತನ್ನ ಹಗ್ಗ ತಂದಿರಬೇಕು. ಸತ್ಯಪ್ಪ ತಂದಿದ್ದ. ತನ್ನದನ್ನು ಕಟ್ಟಿ, ಅವರದನ್ನು ಬಿಚ್ಚಿ, ಸುತ್ತಿ, ಅದರ ಇನ್ನೊಂದು ತುದಿಗೆ ಬಿಗಿದಿದ್ದ ನೀಲಿ ಚೀಲದ ಸಮೇತ ಟೆಂಪೋದೊಳಗೆ ಹಾಕಿ ಕೈಮುಗಿದ.

"ನಿಮ್ಮ ಭಾಗ್ಯ ನಿಮ್ಮ ಹಂತೇಕ ಇರಲಿರಿ."

ಮಾರಾಟಗಾರ ಕರಿಯ ದೋಣಿಯನ್ನು ಬಿಗಿಯುವ ಗಡಿಬಿಡಿಯಲ್ಲಿದ್ದ. ನಕ್ಕು ಕೈಮುಗಿದು ಹೋದ. ಗಾಳಿ ತುಂಬುವ ಪಂಪು ಆ ನೀಲಿ ಚೀಲದಲ್ಲಿತ್ತು.

ಇದು ನಮಗೆ ತಿಳಿದದ್ದು ನಾಲ್ಕು ದಿನದ ಮೇಲೆ, ಹೊಳೆ ಏರಿ ಬಾಂದಾರ ಕಾಣದಂತಾದ ಬೆಳಿಗ್ಗೆ. ದೋಣಿಯನ್ನು ದಂಡೆಗೆ ತಂದು, ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದ ಮೇಲೆ ಕಾಕಾ ಕೇಳಿದರು: "ಹವಾ ಎಲ್ಲಿಂದ ತುಂಬತಾರ?" ಮೂವರೂ ತಖ್ತೆಯನ್ನು ನೋಡಿದೆವು. ತಖ್ತೆಯಲ್ಲಿ ಗಾಳಿ ಇರಲಿಲ್ಲ. ಮಾರಾಟಗಾರನಿಗೆ ಫೋನು ಹಚ್ಚಿದರೆ, ಪಂಪು ಗೋವಾದಲ್ಲಿ ಕ್ಷೇಮ ಎಂದ.

ಆಚೆ ದಂಡೆಯಲ್ಲಿ ಬಾಳವ್ವನ ಎಮ್ಮೆ ಕಾಣುತ್ತಿತ್ತು. ಪಕ್ಕದಲ್ಲಿ ಬಾಳವ್ವ. ಅವಳ ಪಕ್ಕದಲ್ಲಿ ಹೆಗಲ ಮೇಲೆ ಹೊಸ ಹಗ್ಗ ಹಾಕಿಕೊಂಡ ಒಬ್ಬ ಮನುಷ್ಯ. ಬರಿಗೈಯಲ್ಲಿ ಬಂದವನು ನೆಂಟ, ಹಗ್ಗ ಹಾಕಿಕೊಂಡು ಬಂದವನು ಗಿರಾಕಿ. ಇಷ್ಟು ನಮಗೆ ನದಿಯ ಈಚೆಯಿಂದಲೂ ತಿಳಿಯುತ್ತದೆ.

ಸೈಕಲ್ ಪಂಪು ತಂದೆವು. ಅದರ ಮೂಗು ಈ ದೋಣಿಯ ಬಾಯಿಗೆ ಎಲ್ಲಿಯೂ ಸಾಲದು. ಕಾಕಾ ಸ್ವತಃ ಊದಲು ಹೋಗಿ ತಲೆಸುತ್ತಿ ಕೂತರು. ಕೊನೆಗೆ ಸತ್ಯಪ್ಪ ಊರೊಳಗೆ ಓಡಿ, ಕಮ್ಮಾರರ ಮನೆಯ ತೊಗಲಿನ ತಿದಿಯನ್ನು ಹೊತ್ತು ತಂದ. ಅದರ ಮೂತಿಗೆ ಒದ್ದೆ ಅರಿವೆ ಸುತ್ತಿ ಕೊಳವೆಯ ಬಾಯಿಗೆ ಒತ್ತಿ ಹಿಡಿದೆವು. ಸರದಿಯ ಮೇಲೆ ಒತ್ತಿದೆವು. ಬೆಂಕಿ ಎಬ್ಬಿಸುವ ಗಾಳಿ ನೀರಿಗಿಳಿಯಲು ಒಲ್ಲೆನೆನ್ನುವಂತೆ ಅರ್ಧ ಒಳಗೆ, ಅರ್ಧ ಹೊರಗೆ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ದೋಣಿ ಮೈದುಂಬಿಕೊಂಡಿತು. ಮಾರಾಟಗಾರನಿಂದ ಕಲಿತಿದ್ದಂತೆ ಸತ್ಯಪ್ಪ ಯಂತ್ರದ ದಾರ ಎಳೆದ. ನಾವು ದಾಟಿದೆವು.

ನಾನು ಇಳಿದವನೇ ಎಮ್ಮೆಯ ಕೊರಳು ನೋಡಿದೆ. ಬಾಳವ್ವನ ಹಳೆಯ, ಎರಡು ಕಡೆ ಗಂಟು ಬಿದ್ದ ಹಗ್ಗವೇ ಇತ್ತು.

"ಮುಂಜಾನಿಂದ ಕುಂಡ್ರಿಸ್ಯಾಳ್ರಿ ನನ್ನ," ಎಂದ ಹೊಸ ಹಗ್ಗದ ಗಿರಾಕಿ. "ಮಾತ ಮುಗದೈತಿ, ಹಗ್ಗ ಬಿಚ್ಚವಾ ಅಂದ್ರ, ತಡಿ ಆ ದೋಣಿ ಉಬ್ಬತೈತೇನ್ ನೋಡೂಣು ಅಂತಾಳ."

"ಮತ್ತೇನ್ರಿ," ಎಂದಳು ಬಾಳವ್ವ ಕ್ಯಾನು ಎತ್ತಿ ಸತ್ಯಪ್ಪನ ಕೈಗೆ ಕೊಡುತ್ತ. "ಮೂರ ಮಂದಿ ಗಣಮಕ್ಕಳು ತಿದಿ ಒತ್ತಾಕತ್ತಿದ್ದು ಕಂಡ್ನಿ. ಇಷ್ಟ ಒದ್ದಾಡೋರು ಹೆಂಗರೆ ಬಂದ ಬರ್ತಾರ ಅನಿಸ್ತು. ಎರಡ ಸಲ ಹಗ್ಗಕ್ಕ ಕೈ ಹಚ್ಚಿ ಬಿಟ್ಟೇನಿ."

ಗಿರಾಕಿ ಸಿಟ್ಟಾಗಲಿಲ್ಲ. ದನ ನೋಡುವ ಕಣ್ಣಿನಿಂದ ದೋಣಿಯನ್ನು ಸುತ್ತಿ ಬಂದು, ಕೊಳವೆ ತಟ್ಟಿ, "ಚಲೋ ಐತಿ. ಇದರ ಜೋಡಿದು ಯಾಕ ಬಿಟ್ರಿ?" ಎಂದು ಕೇಳಿದ. ಕಾಕಾ ಕರಿಯದನ್ನು ನೆನೆದು ನಿಟ್ಟುಸಿರಿಟ್ಟರು.

ಪಂಪು ವಾರದ ಮೇಲೆ ಗೋವಾದಿಂದ ಬಸ್ಸಿನಲ್ಲಿ ಬಂತು, ಆ ಹಗ್ಗದ ಸಮೇತ. ಹಗ್ಗವನ್ನು ಸತ್ಯಪ್ಪ ಅದೇ ಬಸ್ಸಿಗೆ ವಾಪಸು ಹಾಕಿದ. ನನಗೆ ಹೋಲಿಸುವ ಚಟ ಇನ್ನೂ ಬಿಟ್ಟಿಲ್ಲ. ಮೊನ್ನೆ ಕನ್ನಡಕ ಕೊಳ್ಳಲು ಹೋದಾಗಲೂ ಮೊದಲು ತಖ್ತೆಯನ್ನೇ ಎಳೆದೆ. ಆದರೆ ಈಗ ಎಲ್ಲಕ್ಕಿಂತ ಕೆಳಗೆ ಒಂದು ಸಾಲನ್ನು ಖಾಲಿ ಬಿಡುತ್ತೇನೆ. ಅದನ್ನು ತುಂಬುವುದು ನನ್ನ ಕೆಲಸವಲ್ಲ. ಹೊಳೆ ಏರಿದ ದಿನ ಅದು ತಾನೇ ತುಂಬಿಕೊಳ್ಳುತ್ತದೆ.