ಎರಡು ನಿಮಿಷದ ಸೈಲೆನ್ಸ್

ನನ್ನ ಕೈಕಾಲು ಒಂದು ಕಡೆ ನಿಲ್ಲುವ ಪೈಕಿಯಲ್ಲ. ಈಗ ಮುಪ್ಪಿನಲ್ಲೂ ಅಷ್ಟೇ, ಸಾವಿರದ ಒಂಬೈನೂರ ನಲವತ್ತರ ದಶಕದಲ್ಲಿ ಆಳಂದದ ಶಾಲೆಯೊಂದರಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದಾಗಲೂ ಅಷ್ಟೇ. ಅಂಥ ನನಗೆ ಅತಿ ಹೆಚ್ಚು ಬೇಕಾಗುತ್ತಿದ್ದ ಇಂಗ್ಲಿಷ್ ಪದ 'ಸೈಲೆನ್ಸ್'. ದಿನಕ್ಕೆ ಹತ್ತು ಸಲವಾದರೂ ಮೇಜು ಕುಟ್ಟಿ ಅದನ್ನು ಕೂಗುತ್ತಿದ್ದೆ. ಆಗ ಸರ್ಕಾರದ ಭಾಷೆ ಉರ್ದು, ಪಾಠವೆಲ್ಲ ಅದರಲ್ಲೇ. ನನ್ನ ನಿಘಂಟಿನಲ್ಲಿ ಆ ಪದಕ್ಕೆ 'ಖಾಮೋಶಿ', ಅಂದರೆ ಮೌನ, ಎಂಬ ಅರ್ಥವಿತ್ತು, ಮೂಲ ಲ್ಯಾಟಿನ್ ಎಂದೂ ಬರೆದಿತ್ತು. ಲ್ಯಾಟಿನ್ ಯಾವ ಊರಿನ ಭಾಷೆ ಎಂದು ಹುಡುಗರು ಕೇಳಿದರೆ ಮತ್ತೊಮ್ಮೆ 'ಸೈಲೆನ್ಸ್' ಎನ್ನುತ್ತಿದ್ದೆ.

"ಸುಮ್ಮನಿರ್ರಿ ಅನ್ನಾಕ ಇಷ್ಟು ಒದರಬೇಕೇನ್ರಿ ಮಾಸ್ತರ? ತಗೋರಿ, ನೀರು ಕುಡೀರಿ," ಎಂದು ನಗುತ್ತ ಚರಗಿ ತಂದಿಡುತ್ತಿದ್ದವಳು ಶಾಲೆಗೆ ನೀರು ಹೊರುವ ಮುದುಕಿ. ಊರು ಬಿಟ್ಟು ಬಂದಿದ್ದ ನನ್ನನ್ನು ಉಂಡೆಯಾ ಎಂದು ಕೇಳುತ್ತಿದ್ದವಳು ಅವಳೊಬ್ಬಳೇ. ಅವಳು ಜ್ವರ ಬಂದು ಮಲಗಿದಾಗ ನೋಡಿ ಬರಬೇಕೆಂದುಕೊಂಡೆ. ಇವತ್ತು ನಾಳೆ ಎನ್ನುತ್ತ ಹೋಗಲೇ ಇಲ್ಲ. ರಜೆಗೆಂದು ಅಫಜಲಪುರದ ನಮ್ಮ ಮನೆಗೆ ಹೋಗಿದ್ದಾಗ ಅವಳು ತೀರಿಕೊಂಡಳು. ಮರಳಿ ಬರುವಷ್ಟರಲ್ಲಿ ಮಣ್ಣು ಕೊಟ್ಟಾಗಿತ್ತು.

ಕೂತಲ್ಲಿ ಕೂಡಲಾಗಲಿಲ್ಲ. ಏನಾದರೂ ಮಾಡಿ ತಪ್ಪು ತೊಳೆದುಕೊಳ್ಳಬೇಕಿತ್ತು. ಗುಲಬರ್ಗಾದಲ್ಲಿ ಓದುವಾಗ ಯಾರೋ ದೊಡ್ಡವರು ಸತ್ತರೆಂದು ಎರಡು ನಿಮಿಷ ಮಾತಿಲ್ಲದೆ ಎದ್ದು ನಿಂತದ್ದು ನೆನಪಾಯಿತು. ಹೆಡ್‌ಮಾಸ್ತರರನ್ನು ಒಪ್ಪಿಸಿದೆ. 'ಸೈಲೆನ್ಸ್' ಪದಕ್ಕೆ ಇನ್ನೊಂದು ಬಳಕೆಯಿದೆ, ಇದು ಸತ್ತವರಿಗೆ ಕೊಡುವ ಗೌರವ, ಏನೇ ಆದರೂ ಬಾಯಿ ಬಿಡಬಾರದು ಎಂದು ಹುಡುಗರಿಗೆ ತಾಕೀತು ಮಾಡಿದೆ.

ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಂತರು. ನಾನು ಗಡಿಯಾರ ಹಿಡಿದು ಎದುರಿಗೆ ನಿಂತೆ. ಅರ್ಧ ನಿಮಿಷಕ್ಕೇ ನನ್ನ ಕಾಲುಗಳು ಚಡಪಡಿಸತೊಡಗಿದವು. ಆಗ ಬಾಗಿಲಲ್ಲಿ ಮುದುಕಿಯ ಮಗಳು ಕಾಣಿಸಿದಳು. ಅವ್ವನ ಕೊಡ, ಚರಗಿ ಒಯ್ಯಲು ಬಂದಿದ್ದಳು. ನಮ್ಮ ಕಡೆ ಸಾವಾದ ಮನೆಯವರು ಎದುರಾದರೆ ಕೈ ಹಿಡಿದು, ಹೋದವರ ಗುಣ ಎತ್ತಿ ಆಡಿ ಅಳುವುದು ರೂಢಿ. ಅವಳು ಸೆರಗು ಬಾಯಿಗೊತ್ತಿಕೊಂಡು ಕಾದಳು. ಯಾರೂ ಮಿಸುಕಲಿಲ್ಲ. ಕೊನೆಗೆ ನೇರ ನನ್ನ ಬಳಿಗೇ ಬಂದಳು.

"ಮಾಸ್ತರ, ನಮ್ಮವ್ವ ಹೋದ್ಲರಿ."

ಇನ್ನೂ ಒಂದು ನಿಮಿಷ ಉಳಿದಿತ್ತು. ನಾನು ತುಟಿಯ ಮೇಲೆ ಬೆರಳಿಟ್ಟೆ.

ಅವಳು ಅಳದೆ ಹಿಂದೆ ಸರಿದಳು. ಕೊಡ, ಚರಗಿ ಎತ್ತಿಕೊಂಡು ಹೊರಟುಹೋದಳು. ನಿಮಿಷ ಮುಗಿಯುವವರೆಗೂ ನಾನು ಅಲ್ಲೇ ನಿಂತಿದ್ದೆ. ನೆನೆದರೆ ಈಗಲೂ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಎನಿಸುತ್ತದೆ.

ಶಾಲೆ ಬಿಟ್ಟದ್ದೇ ಅವಳ ಮನೆಗೆ ಓಡಿದೆ. ಕಟ್ಟೆಯ ಮೇಲೆ ಓಣಿಯ ಹೆಂಗಸರು ಕೂತಿದ್ದರು. ಅದು ಇಂಗ್ಲಿಷರ ಪದ್ಧತಿ, ಗೌರವದ ಪದ್ಧತಿ ಎಂದು ಏನೇನೋ ಬಡಬಡಿಸಿದೆ.

"ಇರಬಹುದ್ರಿ," ಎಂದಳು ಮಗಳು. "ನಮ್ಮ ಕಡಿ ಸತ್ತಾಗ ಒಬ್ಬರೂ ಬಾಯಿ ಬಿಡಲಿಲ್ಲಂದ್ರ, ಸತ್ತವರು ಯಾರಿಗೂ ಬೇಕಾಗಿರಲಿಲ್ಲ ಅಂತ ಅರ್ಥರಿ. ನಮ್ಮವ್ವ ಕಡೀ ಎರಡು ದಿನ ನಿಮ್ಮನ್ನೇ ಕೇಳಾಕತ್ತಿದ್ಲು. ಮಾಸ್ತರ ಬಂದ್ರೇನ, ಮಾಸ್ತರ ಬಂದ್ರೇನ ಅಂತ."

ಹೇಳಬೇಕಾದದ್ದು ಎಷ್ಟೋ ಇತ್ತು. ದಿನವಿಡೀ ಒದರುವ ನನ್ನ ಗಂಟಲಿನಿಂದ ಒಂದು ಅಕ್ಷರವೂ ಹೊರಡಲಿಲ್ಲ. ಅವಳು ಒಳಗೆ ಹೋಗಿ ಅವ್ವನ ಚರಗಿಯಲ್ಲಿ ನೀರು ತಂದು ನನ್ನ ಮುಂದಿಟ್ಟಳು.

"ಕುಡೀರಿ ಮಾಸ್ತರ. ಕುಡಿದು ಅಳ್ರಿ."